ಗುಡುಗಿಗೆ ಹೆದರದ ಭಕ್ತಿ: ಭಯದಲ್ಲೇ ಬೆಳೆದ ಕ್ರೈಸ್ತರಿಗೆ ಒಂದು ದಾರಿ

ನಮ್ಮ ಮಲೆನಾಡಿನಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ಸಂಜೆಯ ಗುಡುಗು ಶುರುವಾಗುತ್ತದೆ. ಚಿಕ್ಕವಳಿದ್ದಾಗ ಮೊದಲ ಗುಡುಗು ಕೇಳಿದ ಕೂಡಲೇ ನಾನು ಕಂಬಳಿಯೊಳಗೆ ಸೇರಿ ಪಾಪಗಳ ಲೆಕ್ಕ ಹಾಕುತ್ತಿದ್ದೆ. ತಮ್ಮನನ್ನು ಚಿವುಟಿದ್ದು. ಸಕ್ಕರೆ ಡಬ್ಬಕ್ಕೆ ಕೈ ಹಾಕಿದ್ದು. ಪೂಜೆಯ ನಡುವೆ ಆಕಳಿಸಿದ್ದು. ಒಂದು ಮರೆತರೂ ಸಿಡಿಲು ನಮ್ಮ ಹೆಂಚಿನ ಮೇಲೇ ಬೀಳುತ್ತದೆ ಅಂತ ನಂಬಿದ್ದೆ. ಬೆಳಿಗ್ಗೆ ಎದ್ದು, ಬೀಳಲಿಲ್ಲವಲ್ಲ ಎಂದು ದೇವರಿಗೆ ವಂದನೆ ಹೇಳುತ್ತಿದ್ದೆ. ಅದನ್ನೇ ಭಕ್ತಿ ಅಂದುಕೊಂಡಿದ್ದೆ.

ಮದುವೆಯಾಗಿ, ಮಕ್ಕಳಾದ ಮೇಲೂ ಆ ಲೆಕ್ಕ ನಿಲ್ಲಲಿಲ್ಲ. ಗುಡುಗಿನ ಜಾಗಕ್ಕೆ ಬೇರೆಯವು ಬಂದವು. ಮಗುವಿಗೆ ಜ್ವರ ಬಂದರೆ ನಾನು ಮಾಡಿದ ಯಾವ ತಪ್ಪಿಗೆ ಇದು ಅಂತ ಹುಡುಕುತ್ತಿದ್ದೆ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿ, ತೆಗೆದುಕೊಳ್ಳಲು ಸಾಲಿನಲ್ಲಿ ನಿಂತು, ಅರ್ಧಕ್ಕೇ ವಾಪಸ್ ಬಂದು ಕೂತದ್ದೂ ಇದೆ.

ಇದನ್ನು ಓದುವ ನಿಮಗೆ ಇಂಥದ್ದೇ ಏನೋ ಇರಬಹುದು. ನಾನು ದೇವಶಾಸ್ತ್ರ ಕಲಿತವಳಲ್ಲ, ಡಾಕ್ಟರೂ ಅಲ್ಲ. ಈ ದಾರಿಯಲ್ಲಿ ಕೆಲವು ವರ್ಷ ನಡೆದಿದ್ದೇನೆ, ಅಷ್ಟೆ. ನನಗೆ ಏನು ಕೆಲಸ ಮಾಡಿತೋ ಅದನ್ನು ಒಂದೊಂದಾಗಿ ಹೇಳುತ್ತೇನೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಲು ಹೋಗಬೇಡಿ. ಒಂದು ಹೆಜ್ಜೆ ಕಾಲಿಗೆ ಹೊಂದಿದ ಮೇಲೆ ಇನ್ನೊಂದು.

ಹೆದರಿಕೆಯ ಮಾತನ್ನು ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತನ್ನಿ. ಎರಡು ವಾರ, ಹೆದರಿಕೆ ಬಂದಾಗಲೆಲ್ಲ ಮೂರು ವಿಷಯ ಬರೆಯಿರಿ. ಆಗ ಏನು ನಡೆಯುತ್ತಿತ್ತು? ಹೆದರಿಕೆ ಏನು ಹೇಳಿತು? ಆ ಮಾತನ್ನು ಮೊದಲು ಯಾರ ಬಾಯಲ್ಲಿ ಕೇಳಿದ್ದೆ?

ಮೂರನೆಯ ಪ್ರಶ್ನೆಯೇ ಮುಖ್ಯ. ನನ್ನ ಪುಸ್ತಕದಲ್ಲಿ "ಇವತ್ತು ರಾತ್ರಿ ಸತ್ತರೆ ಎಲ್ಲಿಗೆ ಹೋಗ್ತೀಯ?" ಅನ್ನೋದು ಹನ್ನೊಂದು ಸಲ ಇತ್ತು. ಅದು ಶಾಲಾ ಮೈದಾನದ ಶಾಮಿಯಾನದಲ್ಲಿ ಒಬ್ಬ ಬೋಧಕರು ಮೈಕ್ ಹಿಡಿದು ಕೂಗಿದ ಮಾತು. ಆಗ ನನಗೆ ಒಂಬತ್ತು ವರ್ಷ. "ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ" ಅನ್ನೋದು ನಮ್ಮ ದೊಡ್ಡಮ್ಮನದು. "ಎಲ್ಲಾ ಬರೆದಿಟ್ಟುಕೊಳ್ತಿದ್ದಾನೆ ಮೇಲೆ" ಅನ್ನೋದು ಅಜ್ಜಿಯದು.

ಎರಡು ವಾರವಾದ ಮೇಲೆ ಕೂತು ಓದಿದೆ. ಇಷ್ಟು ವರ್ಷ ದೇವರ ಧ್ವನಿ ಅಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ದೊಡ್ಡವರ ಧ್ವನಿ. ಅವರನ್ನು ಬೈಯುವ ಅಗತ್ಯವಿಲ್ಲ. ನಮ್ಮಜ್ಜಿ ಎರಡು ಮಕ್ಕಳನ್ನು ಮಣ್ಣು ಮಾಡಿದವಳು. ಅವಳಿಗೆ ಯಾರೋ ಕೊಟ್ಟ ಹೆದರಿಕೆಯನ್ನೇ ಅವಳು ನನಗೆ ಕೊಟ್ಟಳು. ಅದೂ ನಾನು ದಾರಿ ತಪ್ಪಬಾರದು ಅನ್ನೋ ಪ್ರೀತಿಯಿಂದಲೇ.

ಭಯಭಕ್ತಿ ಎಂಬ ಮಾತನ್ನು ಬಿಡಿಸಿ ನೋಡಿ

"ದೇವರ ಭಯವೇ ಜ್ಞಾನಕ್ಕೆ ಮೂಲ ಅಂತ ಜ್ಞಾನೋಕ್ತಿಗಳಲ್ಲೇ ಇದೆಯಲ್ಲ, ಭಯ ಬಿಡು ಅಂದರೆ ಹೇಗೆ?" ಇದನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಮ್ಮ ಮನಸ್ಸೇ ಕೇಳುತ್ತದೆ.

ವಿಮೋಚನಾಕಾಂಡ 20ನೇ ಅಧ್ಯಾಯ ತೆಗೆಯಿರಿ. ಸೀನಾಯಿ ಬೆಟ್ಟದಲ್ಲಿ ಗುಡುಗು, ಮಿಂಚು, ಹೊಗೆ. ಜನ ನಡುಗಿ ದೂರ ನಿಂತಿದ್ದಾರೆ. 20ನೇ ವಚನದಲ್ಲಿ ಮೋಶೆ ಅವರಿಗೆ ಹೆದರಬೇಡಿ ಎನ್ನುತ್ತಾನೆ. ಅದೇ ಉಸಿರಿನಲ್ಲಿ, ನೀವು ಪಾಪ ಮಾಡದಂತೆ ದೇವರ ಭಯ ನಿಮ್ಮಲ್ಲಿ ಇರಬೇಕೆಂದೇ ಹೀಗಾಗಿದೆ ಎನ್ನುತ್ತಾನೆ. ಒಂದೇ ವಚನದಲ್ಲಿ ಹೆದರಬೇಡಿ ಅಂತಲೂ ಇದೆ, ಭಯ ಇರಲಿ ಅಂತಲೂ ಇದೆ. ಅಂದರೆ ಇವು ಎರಡು ಬೇರೆ ಬೇರೆ ಭಯ ಅಲ್ವಾ?

ಯಾವುದು ಯಾವುದು ಅಂತ ತಿಳಿಯಲು ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ. ಆದಿಕಾಂಡದಲ್ಲಿ ಆದಾಮ ಹೇಳಿದ್ದೇನು? ಹೆದರಿದೆ, ಅಡಗಿಕೊಂಡೆ. ಮತ್ತಾಯ 25ರಲ್ಲಿ ಯಜಮಾನನಿಂದ ಒಂದೇ ತಲಾಂತು, ಅಂದರೆ ಒಂದು ಗಂಟು ಹಣ, ಪಡೆದ ಆಳು ಅವನಿಗೆ ಹೇಳಿದ್ದೇನು? ನೀವು ಕಠಿಣ ಮನುಷ್ಯರೆಂದು ಗೊತ್ತಿತ್ತು, ಹೆದರಿದೆ, ತಲಾಂತನ್ನು ಮಣ್ಣಿನಲ್ಲಿ ಅಡಗಿಸಿಟ್ಟೆ. ಒಬ್ಬ ತನ್ನನ್ನೇ ಅಡಗಿಸಿದ, ಇನ್ನೊಬ್ಬ ಕೊಟ್ಟದ್ದನ್ನು ಹೂತಿಟ್ಟ. ಈ ಹೆದರಿಕೆ ಮನುಷ್ಯನನ್ನು ದೇವರಿಂದ ಓಡಿಸುತ್ತದೆ. ಇನ್ನೊಂದು ಭಯ ಹಾಗಲ್ಲ. ಮಳೆಗಾಲದಲ್ಲಿ ಜೋಗದ ಎದುರು ನಿಂತಾಗ ಮಾತು ನಿಲ್ಲುತ್ತದೆ, ಮೈ ಜುಮ್ಮೆನ್ನುತ್ತದೆ, ಆದರೂ ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ. ನಮ್ಮ ಹಿರಿಯರು ಭಯದ ಜೊತೆ ಭಕ್ತಿಯನ್ನು ಸೇರಿಸಿ ಒಂದೇ ಮಾತು ಮಾಡಿಟ್ಟರಲ್ಲ, ಅದಕ್ಕೆ ಅರ್ಥ ನನಗೆ ಆಗ ಹೊಳೆಯಿತು.

ಹೆದರಿಕೆ ಬಂದಾಗ ಇಷ್ಟು ಕೇಳಿಕೊಳ್ಳಿ: ಇದು ನನ್ನನ್ನು ಹತ್ತಿರ ಕರೆಯುತ್ತಿದೆಯೋ, ಅಡಗಿಸುತ್ತಿದೆಯೋ? ಅಡಗಿಸುತ್ತಿದ್ದರೆ ಅದಕ್ಕೆ ಭಯಭಕ್ತಿ ಅನ್ನೋ ಮರ್ಯಾದೆ ಕೊಡಬೇಡಿ.

ಗುಡುಗಿಗೆ ಹೆದರಿ ದೇವರತ್ತ ಓಡಿದವಳು ನಾನೊಬ್ಬಳೇ ಅಲ್ಲ. 1505ರ ಜುಲೈ 2ರಂದು ಜರ್ಮನಿಯ ಸ್ಟಾಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ, 21 ವರ್ಷದ ಕಾನೂನು ವಿದ್ಯಾರ್ಥಿಯೊಬ್ಬ ಸಿಡಿಲಿಗೆ ಸಿಕ್ಕಿ ನೆಲಕ್ಕೆ ಬಿದ್ದ. ಮರಿಯಮ್ಮನವರ ತಾಯಿ ಸಂತ ಅನ್ನಮ್ಮನನ್ನು ಕೂಗಿ, ಬದುಕಿದರೆ ಸನ್ಯಾಸಿಯಾಗುತ್ತೇನೆ ಅಂತ ಹರಕೆ ಹೊತ್ತ. ಎರಡೇ ವಾರದಲ್ಲಿ ಮಠ ಸೇರಿದ. ಅವನೇ ಮುಂದೆ ಪ್ರೊಟೆಸ್ಟೆಂಟ್ ಸಭೆಗಳಿಗೆ ದಾರಿ ತೆರೆದ ಮಾರ್ಟಿನ್ ಲೂಥರ್. ನಾನು ಕಥೋಲಿಕಳು, ಲೂಥರ್ ಬಗ್ಗೆ ನಮ್ಮಲ್ಲಿ ಬೇರೆ ಮಾತುಗಳೂ ಇವೆ. ಆದರೆ ಮಠದೊಳಗೆ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿಕೊಂಡು, ಹೊರಗೆ ಬಂದ ಕೂಡಲೇ ಇನ್ನೊಂದು ನೆನಪಾಗಿ ಮತ್ತೆ ಒಳಗೆ ಓಡುತ್ತಿದ್ದ ಆ ಯುವಕ ನನಗೆ ಪೂರ್ತಿ ಅರ್ಥವಾಗುತ್ತಾನೆ. ಸಾಯುವ ಹಿಂದಿನ ವರ್ಷ, 1545ರಲ್ಲಿ, ಅವನು ತನ್ನ ಆ ದಿನಗಳ ಬಗ್ಗೆ ಬರೆದ. 'ದೇವರ ನೀತಿ' ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆ ಎಂದ. ರೋಮಾಪುರದವರಿಗೆ ಬರೆದ ಪತ್ರದ 1:17ನ್ನು ಹಗಲೂ ರಾತ್ರಿ ಧ್ಯಾನಿಸಿದಾಗ, ಆ ನೀತಿ ಶಿಕ್ಷಿಸುವುದಕ್ಕಲ್ಲ, ನಂಬುವವರಿಗೆ ದೇವರು ಕೊಡುವ ಕೊಡುಗೆ ಅಂತ ತಿಳಿಯಿತಂತೆ. ಆಗ ಪರದೈಸಿನ, ಅಂದರೆ ಸ್ವರ್ಗದ, ಬಾಗಿಲು ತೆರೆದು ಒಳಗೆ ಹೋದಂತಾಯಿತು ಅಂತ ಬರೆದಿದ್ದಾನೆ.

ದೇವರು ಹೀಗೆ ಸುಮ್ಮನೆ ಕೊಡುವುದನ್ನು ನಾವು ಕಥೋಲಿಕರು 'ವರಪ್ರಸಾದ' ಅನ್ನುತ್ತೇವೆ, ಪ್ರೊಟೆಸ್ಟೆಂಟ್ ಸಭೆಗಳಲ್ಲಿ 'ಕೃಪೆ' ಅನ್ನುತ್ತಾರೆ. ಪ್ರಸಾದಕ್ಕೆ ಬಿಲ್ ಇರುವುದಿಲ್ಲ. ಕೈ ಚಾಚಬೇಕು, ಅಷ್ಟೆ.

ಒಂದು ವಾರ, ಒಂದೇ ಕಥೆ

ಇದು ಈ ಬರಹದಲ್ಲೇ ದೊಡ್ಡ ಹೆಜ್ಜೆ. ಮಿಕ್ಕದ್ದೆಲ್ಲ ಬಿಟ್ಟರೂ ಇದನ್ನು ಮಾಡಿ. ಲೂಕ 15:11ರಿಂದ 32ರವರೆಗೆ, ತಪ್ಪಿಹೋದ ಮಗನ ಕಥೆ. ಆಸ್ತಿಯ ಪಾಲು ತೆಗೆದುಕೊಂಡು ಮನೆ ಬಿಟ್ಟ ಕಿರಿಮಗ, ಎಲ್ಲಾ ಕಳೆದು ಹಂದಿ ಕಾಯುವ ಗತಿ ಬಂದಾಗ ಅಪ್ಪನ ಹತ್ತಿರ ಮರಳುತ್ತಾನೆ. ಗೊತ್ತಿರುವ ಕಥೆಯೇ ಅಂತ ಪುಟ ತಿರುಗಿಸಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು.

ಮೊದಲ ದಿನ ಇಡೀ ಕಥೆಯನ್ನು ಜೋರಾಗಿ ಓದಿ. ಕಿವಿಗೆ ಬೀಳುವಂತೆ.

ಎರಡನೇ ದಿನ, ಹಂದಿಗಳ ನಡುವೆ ಕೂತು ಮಗ ಕಟ್ಟಿಕೊಂಡ ಮಾತನ್ನು ಮಾತ್ರ ಓದಿ. ಅದರಲ್ಲಿ ಮೂರು ಭಾಗಗಳಿವೆ. ಪಾಪ ಮಾಡಿದ್ದೇನೆ. ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ. ನನ್ನನ್ನು ಕೂಲಿಯಾಳಾಗಿ ಇಟ್ಟುಕೊಳ್ಳಿ. ನೀವು ದೇವರ ಮುಂದೆ ಕಟ್ಟಿಕೊಂಡು ಹೋಗುವ ಮಾತು ಯಾವುದು? ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮೂರನೇ ದಿನ ಅಪ್ಪನನ್ನು ನೋಡಿ. ಮಗ ಇನ್ನೂ ದೂರದಲ್ಲಿರುವಾಗಲೇ ಕಂಡನಂತೆ. ದಾರಿ ಕಾಯದವನಿಗೆ ಅಷ್ಟು ದೂರದಿಂದ ಕಾಣುತ್ತದೆಯೇ? ಆಮೇಲೆ ಓಡಿದ. ನಮ್ಮೂರಿನ ದೊಡ್ಡ ಜಮೀನಿನ ಯಜಮಾನರೊಬ್ಬರು ಪಂಚೆ ಎತ್ತಿಕಟ್ಟಿ, ಆಳುಗಳೆಲ್ಲ ನೋಡುತ್ತಿರುವಾಗಲೇ, ಬೀದಿಯಲ್ಲಿ ಓಡುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಆ ಕಾಲದ ಯೆಹೂದ್ಯ ಹಳ್ಳಿಯಲ್ಲೂ ಹಿರಿಯರು ಹಾಗೆ ಓಡುವವರಲ್ಲ.

ನಾಲ್ಕನೇ ದಿನ 19ನೇ ವಚನವನ್ನೂ 21ನೇ ವಚನವನ್ನೂ ಪಕ್ಕಪಕ್ಕ ಇಟ್ಟು ಓದಿ. ಮಗ ಮೂರು ಭಾಗ ಕಟ್ಟಿಕೊಂಡು ಬಂದಿದ್ದ. ಹೇಳಿದ್ದು ಎರಡೇ. ಕೂಲಿಯಾಳಾಗಿ ಇಟ್ಟುಕೊಳ್ಳಿ ಅನ್ನೋ ಮೂರನೆಯ ಮಾತು ಬಾಯಿಂದ ಬರುವ ಮೊದಲೇ ಅಪ್ಪ ಆಳುಗಳ ಕಡೆ ತಿರುಗಿ ಬಟ್ಟೆ ತರಲು ಹೇಳಿದ್ದಾನೆ. ನಾನು ನಲವತ್ತು ವರ್ಷ ಈ ಕಥೆ ಕೇಳಿದ್ದೆ, ಇದನ್ನು ಕಂಡಿರಲಿಲ್ಲ. ಪಾಪ ಮಾಡಿದ್ದೇನೆ ಅನ್ನೋದನ್ನು ಅಪ್ಪ ಕೇಳಿಸಿಕೊಂಡ. ಕೂಲಿಯ ಒಪ್ಪಂದ ಕೇಳಿಸಿಕೊಳ್ಳಲು ಮಾತ್ರ ಅವನು ತಯಾರಿರಲಿಲ್ಲ. ನಾನು ದಿನವೂ ದೇವರ ಜೊತೆ ಮಾಡುತ್ತಿದ್ದದ್ದು ಅದೇ ಒಪ್ಪಂದ. ಇಷ್ಟು ಜಪಸರ ಹೇಳುತ್ತೇನೆ, ಇಷ್ಟು ಶುಕ್ರವಾರ ಉಪವಾಸ ಮಾಡುತ್ತೇನೆ, ಮಗುವನ್ನು ಕಾಪಾಡಿ. ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಐದನೇ ದಿನ ನಿಲುವಂಗಿ, ಉಂಗುರ, ಕಾಲಿಗೆ ಚಪ್ಪಲಿ. ಗುಲಾಮರು ಬರಿಗಾಲಲ್ಲಿ ಇರುತ್ತಿದ್ದರು. ಚಪ್ಪಲಿ ಹಾಕಿದರೆ ಇವನು ಮಗ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಆರನೇ ದಿನ ದೊಡ್ಡ ಮಗ. ಮನೆಯಲ್ಲೇ ಇದ್ದವನು, ಯಾವತ್ತೂ ಮಾತು ಮೀರದವನು. ಇಷ್ಟು ವರ್ಷ ನಿನಗೆ ಗುಲಾಮನಂತೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ಹೆದರಿ ಒಳ್ಳೆಯವರಾಗಿ ಬದುಕಿದ ನಮ್ಮಂಥವರ ಹೊಟ್ಟೆಯಲ್ಲಿ ಇರುವ ಮಾತು ಇದು. ಮನೆಯೊಳಗಿದ್ದೂ ಆಳಿನಂತೆ ಬದುಕಿದೆವು. ಅಪ್ಪ ಅವನನ್ನು ಕರೆಯಲೂ ಹೊರಗೆ ಬಂದ, ಅದನ್ನು ಗಮನಿಸಿ. ನನ್ನದೆಲ್ಲಾ ನಿನ್ನದೇ ಅಂದ.

ಏಳನೇ ದಿನ ಓದಬೇಡಿ. ಪುಸ್ತಕ ಮುಚ್ಚಿ ಹತ್ತು ನಿಮಿಷ ಸುಮ್ನೆ ಕೂತಿರಿ. ದೊಡ್ಡ ಮಗ ಒಳಗೆ ಹೋದನೋ ಇಲ್ಲವೋ ಅಂತ ಯೇಸುಸ್ವಾಮಿ ಹೇಳಲಿಲ್ಲ.

ಹೇಳಿದ ಪಾಪವನ್ನು ಮತ್ತೆ ಹೇಳಬೇಡಿ

ಹೆದರಿಕೆಗೆ ಊಟ ಹಾಕುವುದು ನಾವು ಮತ್ತೆ ಮತ್ತೆ ಮಾಡುವ ಕೆಲಸಗಳು. ಒಂದೇ ಪಾಪವನ್ನು ಮೂರು ಫಾದರ್‌ಗಳ ಹತ್ತಿರ ಹೇಳುವುದು. ಪ್ರಾರ್ಥನೆಯ ನಡುವೆ ಮನಸ್ಸು ಎಲ್ಲಿಗೋ ಹೋಯಿತು ಅಂತ ಮೊದಲಿಂದ ಶುರು ಮಾಡುವುದು. ಕೂಟದಲ್ಲಿ ರಕ್ಷಣೆ ಬೇಕಾದವರು ಮುಂದೆ ಬನ್ನಿ ಅಂದಾಗಲೆಲ್ಲ, ಹೋದ ಸಲ ಸರಿಯಾಗಿ ಆಗಲಿಲ್ಲವೇನೋ ಅಂತ ಮತ್ತೆ ಎದ್ದು ಹೋಗುವುದು. ಮಾಡಿದಾಗ ಅರ್ಧ ಗಂಟೆ ಸಮಾಧಾನ. ಆಮೇಲೆ ಮೊದಲಿಗಿಂತ ಜಾಸ್ತಿ ಕಳವಳ.

ಚರ್ಚಿನಲ್ಲಿ ಇದಕ್ಕೆ ಹಳೆಯ ಹೆಸರಿದೆ, ಸ್ಕ್ರೂಪಲ್. ಲ್ಯಾಟಿನ್ ಭಾಷೆಯಲ್ಲಿ ಚೂಪಾದ ಸಣ್ಣ ಕಲ್ಲು ಅಂತ ಅರ್ಥ. ಚಪ್ಪಲಿಯೊಳಗೆ ಸೇರಿದ ಹರಳು. ನೋಡಲು ಏನೂ ಅಲ್ಲ, ಹೆಜ್ಜೆ ಇಡಲು ಬಿಡುವುದಿಲ್ಲ.

ಯೇಸು ಸಭೆ (ಜೆಸ್ವಿಟ್) ಎಂಬ ಗುರುಗಳ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಕಥೆ ಕೇಳಿ. 1522ರಲ್ಲಿ ಸ್ಪೇನಿನ ಮೊಂಟ್ಸೆರಾಟ್‌ನಲ್ಲಿ ತನ್ನ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು, ಮೂರು ದಿನ ಪಾಪನಿವೇದನೆ ಮಾಡಿದರು. ಆದರೂ ಪಕ್ಕದ ಮನ್ರೇಸಾಕ್ಕೆ ಬಂದ ಮೇಲೆ, ಏನೋ ಬಿಟ್ಟೆ ಅನ್ನೋ ಕಾಟ ಬಿಡಲಿಲ್ಲ. ಹಳೆಯದನ್ನು, ಸ್ಪಷ್ಟವಾಗಿದ್ದರೆ ಮಾತ್ರ ಹೇಳು ಅಂದರು ಅವರ ಗುರುಗಳು. ಇಗ್ನೇಷಿಯಸರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಇರುವ ಕೋಣೆಯಲ್ಲೇ ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಒಂದು ವಾರ ಅನ್ನ ನೀರು ಬಿಟ್ಟರು. ಕೊನೆಗೆ ಅವರನ್ನು ಬಿಡಿಸಿದ್ದು ಒಂದು ತೀರ್ಮಾನ: ಹಳೆಯ ಪಾಪಗಳನ್ನು ಇನ್ನು ಯಾವತ್ತೂ ನಿವೇದಿಸುವುದಿಲ್ಲ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಬಂದ ಸಮಾಧಾನ ಅಲ್ಲ ಅದು. ಹೇಳುವುದನ್ನು ನಿಲ್ಲಿಸಿದ್ದರಿಂದ ಬಂದದ್ದು.

ನೀವು ಮಾಡಬೇಕಾದದ್ದು ಇಷ್ಟು. ಒಬ್ಬರೇ ಫಾದರ್ ಅಥವಾ ಒಬ್ಬರೇ ಸಭಾಪಾಲಕರನ್ನು ಆರಿಸಿಕೊಳ್ಳಿ, ಮೃದುವಾದವರನ್ನು. ನನಗೆ ಹೀಗೊಂದು ಕಾಟ ಇದೆ ಅಂತ ಮೊದಲೇ ಹೇಳಿಬಿಡಿ. ಪಾಪನಿವೇದನೆಗೆ ಒಂದು ದಿನ ಗೊತ್ತು ಮಾಡಿ, ತಿಂಗಳಿಗೊಮ್ಮೆ ಎಂದಿಟ್ಟುಕೊಳ್ಳಿ. ಅದಕ್ಕೆ ತಯಾರಾಗಲು ಹತ್ತು ನಿಮಿಷ, ಜಾಸ್ತಿ ಬೇಡ. ಹೊರಗೆ ಬಂದ ಮೇಲೆ ನೆನಪಾದದ್ದು ಮುಂದಿನ ತಿಂಗಳಿಗೆ ಇರಲಿ. ಪಾಪವೋ ಅಲ್ಲವೋ ಅಂತ ಅನುಮಾನ ಇದ್ದರೆ, ಅಲ್ಲ ಅಂತಲೇ ಲೆಕ್ಕ. ಈ ಕೊನೆಯದನ್ನು ನಿಮ್ಮ ಗುರುಗಳ ಬಾಯಿಂದಲೇ ಹೇಳಿಸಿಕೊಳ್ಳಿ, ಆಗ ಮನಸ್ಸು ಒಪ್ಪುತ್ತದೆ.

ಮೊದಲ ಕೆಲವು ವಾರ ಎದೆ ಹೊಡೆದುಕೊಳ್ಳುತ್ತದೆ. ನನಗೂ ಹಾಗಾಯಿತು. ಉಕ್ಕಿ ಬಂದ ಹಾಲು ಉರಿ ತಗ್ಗಿಸಿದರೆ ಇಳಿಯುತ್ತದಲ್ಲ, ಹಾಗೆ ಅದೂ ಇಳಿಯುತ್ತದೆ. ಇಳಿಯುವವರೆಗೆ ಪಾತ್ರೆ ತೊಳೆಯಿರಿ, ಗಿಡಕ್ಕೆ ನೀರು ಹಾಕಿ.

ಹೆದರಿಸುವ ವಚನಗಳು

ಎಲ್ಲರಿಗೂ ಒಂದೆರಡು ಇರುತ್ತವೆ. ಬಹಳ ಜನರನ್ನು ಕಾಡುವುದು ಕ್ಷಮೆಯೇ ಇಲ್ಲದ ಪಾಪ, ಮಾರ್ಕ 3:29. ಮುಂದಿನ ವಚನವನ್ನೂ ಓದಿ. ಯೇಸು ಅದನ್ನು ಯಾಕೆ ಹೇಳಿದರು ಅಂತ ಮಾರ್ಕನೇ ಬರೆದಿದ್ದಾನೆ. ಕಣ್ಣೆದುರೇ ಜನ ಗುಣವಾಗುವುದನ್ನು ಕಂಡೂ, ಇದು ದೆವ್ವದ ಕೆಲಸ ಎಂದವರಿಗೆ ಹೇಳಿದ್ದು. ನಾನು ಆ ಪಾಪ ಮಾಡಿಬಿಟ್ಟೆನಾ ಅಂತ ಅಳುವವರು ಆ ಗುಂಪಿನವರಲ್ಲ. ನಿಮ್ಮ ಅಳುವೇ ಅದಕ್ಕೆ ಸಾಕ್ಷಿ.

ಇನ್ನೊಂದು, ಅಯೋಗ್ಯವಾಗಿ ಪ್ರಭುಭೋಜನ, ಅಂದರೆ ಪರಮಪ್ರಸಾದ, ತೆಗೆದುಕೊಂಡರೆ ದಂಡನೆ ಎಂಬ 1 ಕೊರಿಂಥ 11. ಆ ಪತ್ರ ಬರೆದ ಪೌಲ ಬೈಯುತ್ತಿರುವುದು ಯಾರನ್ನು? ಕೊರಿಂಥದಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಅಯೋಗ್ಯತೆ ಅಂದರೆ ಅದು. ಸಾಲಿನಿಂದ ವಾಪಸ್ ಬರುತ್ತಿದ್ದ ನನ್ನಂಥವರಿಗೆ ಇನ್ನೊಂದು ವಿಷಯವೂ ಸಹಾಯ ಮಾಡಿತು. ಒಂದು ಕಾಲದಲ್ಲಿ, ಯೋಗ್ಯತೆ ಸಾಲದು ಅಂತ ಕಥೋಲಿಕರು ವರ್ಷಕ್ಕೆ ಕೆಲವೇ ಸಲ ಪರಮಪ್ರಸಾದ ತೆಗೆದುಕೊಳ್ಳುತ್ತಿದ್ದರು. 1905ರಲ್ಲಿ ಪೋಪ್ ಹತ್ತನೇ ಪಿಯುಸ್ ಕಾಲದಲ್ಲಿ, ಆಗಾಗ, ಸಾಧ್ಯವಾದರೆ ದಿನವೂ ತೆಗೆದುಕೊಳ್ಳಿ ಎಂಬ ಆಜ್ಞೆ ಬಂತು. ಗೆದ್ದವರಿಗೆ ಕೊಡುವ ಬಹುಮಾನ ಅಲ್ಲ ಅದು, ದುರ್ಬಲರಿಗೆ ಕೊಡುವ ಔಷಧಿ ಅನ್ನೋದೇ ಅದರ ಹಿಂದಿನ ಯೋಚನೆ.

ನಿಮ್ಮನ್ನು ಕಾಡುವ ವಚನ ಬೇರೆ ಇರಬಹುದು. ಅದರ ಹಿಂದಿನ ಅಧ್ಯಾಯ, ಮುಂದಿನ ಅಧ್ಯಾಯ ಓದಿ. ಬೈಸಿಕೊಳ್ಳುತ್ತಿರುವವರು ಯಾರು ಅಂತ ನೋಡಿ. ಎಷ್ಟೋ ಕಡೆ ಅವರು ಬಡವರ ಬೆನ್ನ ಮೇಲೆ ಕೂತವರು.

ಪ್ರಾರ್ಥನೆಯನ್ನು ಚಿಕ್ಕದು ಮಾಡಿ

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಪುಟ್ಟ ತೆರೇಸಮ್ಮನವರ ಪಟ ಇರುತ್ತದೆ. ಕೈಯಲ್ಲಿ ಶಿಲುಬೆ, ತುಂಬಾ ಗುಲಾಬಿ. 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 24ನೇ ವಯಸ್ಸಿಗೇ ತೀರಿಹೋದ ಕಾರ್ಮೆಲ್ ಮಠದ ಸಿಸ್ಟರ್. ಆ ಪಟ ನೋಡಿದರೆ ಇವರಿಗೆ ಹೆದರಿಕೆಯೇ ಗೊತ್ತಿರಲಿಕ್ಕಿಲ್ಲ ಅನ್ನಿಸುತ್ತದೆ. ಆದರೆ 12ನೇ ವಯಸ್ಸಿನಲ್ಲಿ, ಎರಡನೇ ಪರಮಪ್ರಸಾದಕ್ಕೆ ತಯಾರಾಗುವಾಗ ಇದೇ ಕಾಟ ಅವರಿಗೂ ಶುರುವಾಯಿತು. ಒಂದೂವರೆ ವರ್ಷ, ಪ್ರತಿಯೊಂದು ಯೋಚನೆಯೂ ಪಾಪವಾಗಿ ಕಂಡಿತು. ಅಕ್ಕ ಮರೀಯ ದಿನವೂ ಕೇಳಿಸಿಕೊಂಡು, ಪಾಪನಿವೇದನೆಯಲ್ಲಿ ಇದನ್ನು ಹೇಳು, ಇದನ್ನು ಬಿಡು ಅನ್ನುತ್ತಿದ್ದಳು. ಆ ಅಕ್ಕನೂ ಮಠ ಸೇರಿದಾಗ, ಮಗುವಿದ್ದಾಗಲೇ ತೀರಿಹೋದ ತನ್ನ ನಾಲ್ವರು ಅಣ್ಣ ಅಕ್ಕಂದಿರನ್ನು ತೆರೇಸಾ ಬೇಡಿಕೊಂಡರು. ನಾನು ಮನೆಯ ಕಿರಿಯವಳು, ಸ್ವರ್ಗದಲ್ಲಿದ್ದರೂ ನನ್ನ ಮೇಲೆ ಪ್ರೀತಿ ಇರುತ್ತದಲ್ಲ ಅಂತ. ಮನಸ್ಸಿಗೆ ಶಾಂತಿ ಬಂತು.

1891ರಲ್ಲಿ ಮಠಕ್ಕೆ ಧ್ಯಾನಕೂಟ ನಡೆಸಲು ಬಂದ ಫ್ರಾನ್ಸಿಸ್ಕನ್ ಗುರು ಒಬ್ಬರು, ನಿನ್ನ ಸಣ್ಣಪುಟ್ಟ ತಪ್ಪುಗಳು ದೇವರಿಗೆ ನೋವು ಕೊಡುವುದಿಲ್ಲ ಅಂದರು. ಹಾಗೂ ಇರಬಹುದು ಅಂತ ತೆರೇಸಾ ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಪ್ರಾರ್ಥನೆಯಲ್ಲಿ ಅವರು ಆಗಾಗ ನಿದ್ದೆ ಹೋಗುತ್ತಿದ್ದರಂತೆ. ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಮಕ್ಕಳು ಎಚ್ಚರವಿದ್ದರೂ ನಿದ್ದೆ ಮಾಡಿದರೂ ಅಪ್ಪ ಅಮ್ಮನಿಗೆ ಒಂದೇ ಮುದ್ದು ಅಲ್ವಾ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ. ಪೂಜೆಯಲ್ಲಿ ಆಕಳಿಸಿದ್ದಕ್ಕೆ ಸಿಡಿಲು ಕಾದವಳು ನಾನು. ಇದನ್ನು ಓದಿದಾಗ ಎಷ್ಟು ಹಗುರವಾಯಿತು ಅಂತ ಹೇಳಲಾರೆ. 1997ರಲ್ಲಿ ಚರ್ಚು ಇದೇ ತೆರೇಸಮ್ಮನವರಿಗೆ ಧರ್ಮಸಭೆಯ ಪಂಡಿತೆ ಎಂಬ ಪದವಿ ಕೊಟ್ಟಿತು.

ಒಂದು ತಿಂಗಳು ಉದ್ದನೆಯ ಪ್ರಾರ್ಥನೆಗಳನ್ನು ಕಡಿಮೆ ಮಾಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, 'ಅಪ್ಪಾ' ಅಂತ ಕರೆದು ಐದು ನಿಮಿಷ ಸುಮ್ಮನಿರಿ. ಯೇಸುಸ್ವಾಮಿ ತಮ್ಮ ಅರಮೇಯ ಭಾಷೆಯಲ್ಲಿ ಕರೆದದ್ದು 'ಅಬ್ಬಾ' ಎಂದು. ನಮ್ಮ ಮಾತಿಗೆ ಎಷ್ಟು ಹತ್ತಿರ ನೋಡಿ. ರೋಮ 8:15ರಲ್ಲಿ ಪೌಲ ಹೇಳುವುದೂ ಇದನ್ನೇ: ನೀವು ಪಡೆದದ್ದು ಮತ್ತೆ ಹೆದರಿಸುವ ದಾಸನ ಮನಸ್ಸಲ್ಲ, ಅಪ್ಪಾ ಅಂತ ಕೂಗುವ ಮಗುವಿನ ಮನಸ್ಸು.

ಅಪ್ಪ ಅನ್ನೋ ಮಾತೇ ಕೆಲವರಿಗೆ ನೋವು. ಕುಡಿದು ಹೊಡೆಯುವ ಅಪ್ಪನ ಮನೆಯಲ್ಲಿ ಬೆಳೆದವರಿಗೆ ಆ ಪದದಿಂದ ಶುರು ಮಾಡಿ ಅನ್ನಲಾರೆ. ಯೆಶಾಯ 66:13ರಲ್ಲಿ ದೇವರು, ತಾಯಿ ಮಗುವನ್ನು ಸಂತೈಸುವಂತೆ ಸಂತೈಸುತ್ತೇನೆ ಎನ್ನುತ್ತಾರೆ. ಅಲ್ಲಿಂದ ಶುರು ಮಾಡಿ. ನಿಮ್ಮ ಬದುಕಿನಲ್ಲಿ ಹೊಡೆಯದೆ ಪ್ರೀತಿಸಿದವರು ಅಜ್ಜಿ ಇರಬಹುದು, ಟೀಚರ್ ಇರಬಹುದು. ಅವರ ಮುಖ ನೆನಪಿಸಿಕೊಳ್ಳಿ.

ಯಾರ ಮಾತು ಕೇಳಬೇಕು

ಮೊಬೈಲಿನಲ್ಲಿ ಕೊನೆಯ ದಿನಗಳ ಬಗ್ಗೆ, ನರಕದ ದರ್ಶನಗಳ ಬಗ್ಗೆ ಬರುವ ವಿಡಿಯೋಗಳನ್ನು ಮೂರು ತಿಂಗಳು ನೋಡಬೇಡಿ. ಕಳಿಸುವ ಗುಂಪುಗಳನ್ನು ಮ್ಯೂಟ್ ಮಾಡಿ. ದೇವರ ವಾಕ್ಯಕ್ಕೆ ಬೆನ್ನು ತಿರುಗಿಸಿದಂತಾಗುವುದಿಲ್ಲ. ಜ್ವರ ಬಂದಾಗ ಎಣ್ಣೆ ತಿಂಡಿ ಬಿಡುವುದಿಲ್ವಾ, ಹಾಗೆ.

ಬೋಧನೆ ಕೇಳಿ ಹೊರಗೆ ಬಂದಾಗ ಯಾರ ನೆನಪು ಉಳಿಯಿತು ಅಂತ ನೋಡಿಕೊಳ್ಳಿ. ಯೇಸುವಿನದೋ, ಬೋಧಕರದೋ, ಸೈತಾನನದೋ? ದಶಮಾಂಶ, ಅಂದರೆ ಆದಾಯದ ಹತ್ತನೇ ಒಂದು ಪಾಲು, ಕೊಡದಿದ್ದರೆ ಮನೆಗೆ ಶಾಪ ಅನ್ನುವವರ ಮಾತು ಒಪ್ಪಬೇಡಿ. ಕಾಯಿಲೆ ಬಿದ್ದವರಿಗೆ ನಿನ್ನ ಪಾಪದ ಫಲ ಇದು ಅನ್ನುವವರ ಮಾತನ್ನಂತೂ ಖಂಡಿತ ಬೇಡ. ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಇವನ ತಂದೆತಾಯಿಯದೂ ಅಲ್ಲ ಅಂದವರು ಯೇಸು. ಅದು ಯೋಹಾನ 9:3. ಮಗನ ಜ್ವರದ ಪಕ್ಕ ಕೂತು ಪಾಪ ಹುಡುಕುತ್ತಿದ್ದ ನಾನು ಈ ವಚನವನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದೆ.

ಇದು ಕಾಯಿಲೆಯೂ ಆಗಿರಬಹುದು

ದಿನಕ್ಕೆ ಗಂಟೆಗಟ್ಟಲೆ ಇದರಲ್ಲೇ ಹೋಗುತ್ತಿದ್ದರೆ, ದೇವರನ್ನು ಬೈಯುವ ಮಾತುಗಳು ಬೇಡವೆಂದರೂ ತಲೆಯೊಳಗೆ ಬರುತ್ತಿದ್ದರೆ, ಪ್ರಾರ್ಥನೆಯನ್ನು ಇಷ್ಟೇ ಸಲ ಹೀಗೇ ಹೇಳದಿದ್ದರೆ ಯಾರಾದರೂ ಸಾಯುತ್ತಾರೆ ಅನ್ನಿಸುತ್ತಿದ್ದರೆ, ದಯವಿಟ್ಟು ಮಾನಸಿಕ ಆರೋಗ್ಯದ ಡಾಕ್ಟರನ್ನು ನೋಡಿ. ಇದು ಗೀಳು ಕಾಯಿಲೆ, ಅಂದರೆ ಓಸಿಡಿ, ಇರಬಹುದು. ಅದಕ್ಕೆ ಮಾತ್ರೆ ಇದೆ. ಹೆದರಿಕೆಯನ್ನು ಎದುರಿಸುತ್ತಾ, ಮತ್ತೆ ಮತ್ತೆ ಮಾಡುವುದನ್ನು ನಿಧಾನವಾಗಿ ನಿಲ್ಲಿಸುವ ತರಬೇತಿಯೂ ಇದೆ. ಇಗ್ನೇಷಿಯಸ್ 500 ವರ್ಷದ ಹಿಂದೆ ತಾವೇ ಕಂಡುಕೊಂಡದ್ದು ಇದರ ಹತ್ತಿರದ್ದೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಕ್ಲಿನಿಕ್ ಇದೆ. ದೂರದ ಊರಿನವರು 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ-ಮನಸ್ ಸೇವೆ, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಅನ್ನಿಸಿದರೆ ಅದೇ ಕ್ಷಣ ಆ ನಂಬರಿಗೆ ಫೋನ್ ಮಾಡಿ, ಮನೆಯವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ನಂಬಿಕೆ ಕಡಿಮೆ ಇರುವುದರಿಂದ ಹೀಗಾಗಿದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಕ್ಕರೆ ಕಾಯಿಲೆಗೆ ಡಾಕ್ಟರ ಹತ್ತಿರ ಹೋಗುವವರು ಇದಕ್ಕೆ ಯಾಕೆ ಹೋಗಬಾರದು?

"ಹೆದರಿಕೆ ಹೋದರೆ ಪಾಪ ಜಾಸ್ತಿ ಆಗೋದಿಲ್ವಾ?"

ನಮ್ಮ ಯಜಮಾನರೇ ಕೇಳಿದ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ಯೋಹಾನ 8ರಲ್ಲಿ ಕಲ್ಲೆಸೆಯಲು ಎಳೆದು ತಂದ ಹೆಂಗಸಿಗೆ ಯೇಸು ಹೇಳಿದ ಎರಡು ಮಾತುಗಳು ಯಾವ ಕ್ರಮದಲ್ಲಿವೆ ಅಂತ ನೋಡಿ. ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ, ಅದು ಮೊದಲು. ಇನ್ನು ಪಾಪ ಮಾಡಬೇಡ, ಅದು ಆಮೇಲೆ. ನಾವು ಬದುಕಿಡೀ ಇದನ್ನು ತಿರುಗುಮುರುಗು ಓದಿದೆವು.

ನನ್ನ ಅನುಭವ ಹೇಳುತ್ತೇನೆ. ಹೆದರಿಕೆಯ ದಿನಗಳಲ್ಲಿ ನಾನು ದೇವರ ಹತ್ತಿರ ನೂರು ಸಲ ಕ್ಷಮೆ ಕೇಳಿದೆ, ಮನುಷ್ಯರ ಹತ್ತಿರ ಒಂದು ಸಲವೂ ಇಲ್ಲ. ಮನೆ ಪಾಲಾಗುವಾಗ ನಮ್ಮ ಓರಗಿತ್ತಿಯ ಬಗ್ಗೆ ನಾಲ್ಕು ಜನರೆದುರು ಇಲ್ಲದ ಮಾತು ಆಡಿದ್ದೆ. ಅದನ್ನು ಪಾಪನಿವೇದನೆಯಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅವಳ ಮನೆ ಎರಡು ಬೀದಿ ಆಚೆ, ಅಲ್ಲಿಗೆ ಹೋಗಲಿಲ್ಲ. ಹೋದರೆ ತಪ್ಪು ನಿಜವಾಗಿಬಿಡುತ್ತದೆ, ನಾನು ಕೆಟ್ಟವಳಾಗಿಬಿಡುತ್ತೇನೆ ಅನ್ನೋ ಭಯ. ಹೆದರಿಕೆಗೆ ಕಾಣುವುದು ತನ್ನ ತಲೆ ಮಾತ್ರ. ಅವಳಿಗೆ ಎಷ್ಟು ನೋವಾಗಿತ್ತು ಅಂತ ನಾನು ಯೋಚಿಸಿಯೇ ಇರಲಿಲ್ಲ. ಹೆದರಿಕೆ ಸ್ವಲ್ಪ ಸಡಿಲವಾದ ವರ್ಷ, ಒಂದು ಸಂಜೆ ಹೋಗಿ ಅವಳ ಜಗಲಿಯಲ್ಲಿ ಕೂತು ಹೇಳಿದೆ. ಅವಳು ಕೂಡಲೇ ಕರಗಲಿಲ್ಲ, ಕಾಫಿ ಮಾತ್ರ ಕೊಟ್ಟಳು. ಎರಡು ತಿಂಗಳ ಮೇಲೆ ಮಾವಿನಮಿಡಿ ಉಪ್ಪಿನಕಾಯಿ ಕಳಿಸಿದಳು.

ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಹೆಸರು ಬರೆಯಿರಿ. ನೀವು ನೋಯಿಸಿದವರದು. ಇವತ್ತೇ ಹೋಗಬೇಕಾಗಿಲ್ಲ. ಹೆದರಿಕೆಯಿಂದ ಹೋಗಬೇಡಿ. ಅವರ ಮುಖ ನೋಡಬೇಕು ಅನ್ನಿಸಿದ ದಿನ ಹೋಗಿ.

ಅದು ಮತ್ತೆ ಬಂದ ರಾತ್ರಿ

ಬರುತ್ತದೆ. ಚೆನ್ನಾಗಿದ್ದೇನೆ ಅಂದುಕೊಂಡಿರುವಾಗಲೇ, ಸಾವಿನ ಮನೆಗೆ ಹೋಗಿ ಬಂದ ರಾತ್ರಿಯೋ, ಮಗುವಿನ ರಿಪೋರ್ಟ್ ಕಾಯುವ ರಾತ್ರಿಯೋ ಬರುತ್ತದೆ. ಇಷ್ಟು ದಿನ ಮಾಡಿದ್ದೆಲ್ಲ ವ್ಯರ್ಥ ಅಂದುಕೊಳ್ಳಬೇಡಿ. ಅದರ ಜೊತೆ ವಾದಕ್ಕೂ ಇಳಿಯಬೇಡಿ, ಆ ಹೊತ್ತಿನಲ್ಲಿ ಗೆಲ್ಲುವುದಿಲ್ಲ. ಪಾಪ ಎಣಿಸಬೇಡಿ. ಮೊಬೈಲ್ ತೆಗೆದು ವಚನ ಹುಡುಕಬೇಡಿ. ನಮ್ಮ ಹೃದಯ ನಮ್ಮನ್ನು ದೂರಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು ಅಂತ ಯೋಹಾನನ ಮೊದಲ ಪತ್ರದ 3:20ರಲ್ಲಿ ಇದೆ. ಅದನ್ನು ಹಗಲಲ್ಲೇ ಬಾಯಿಪಾಠ ಮಾಡಿಟ್ಟುಕೊಂಡಿರಿ. ಎದ್ದು ಒಂದು ಲೋಟ ನೀರು ಕುಡಿಯಿರಿ. ಮಕ್ಕಳ ಹೊದಿಕೆ ಸರಿ ಮಾಡಿ. ಗುಡುಗು ಇದ್ದರೆ ಕಿಟಕಿ ಹಾಕಿ. ಒಂದೇ ಒಂದು ಸಲ ಅಪ್ಪಾ ಅಂತ ಕರೆದು, ಮಲಗಿಬಿಡಿ.